ಸೀಟಿಯಪ್ಪನ ಬಲಭುಜ

ಆ ಚೌಕದಲ್ಲಿ ಸಿಗ್ನಲ್ ದೀಪ ಕೆಟ್ಟು ನಿಂತರೂ ಜನ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸೀಟಿಯಪ್ಪ ಇದ್ದಾನಲ್ಲ ಎಂಬ ಧೈರ್ಯ. ಸಂಚಾರ ಪೊಲೀಸಿನ ಈ ಮುಖ್ಯಪೇದೆ ಬಾಯಲ್ಲಿ ಸೀಟಿ ಕಚ್ಚಿಕೊಂಡು, ಎದೆ ಮುಂದೆ ಮಾಡಿ, ಬಲಗೈ ಮೇಲೆತ್ತಿ ನಿಂತನೆಂದರೆ ಸಿಮೆಂಟಿನ ಲಾರಿಯಿಂದ ಹಿಡಿದು ಸೈಕಲ್ಲಿನವರೆಗೆ ಎಲ್ಲವೂ ತೆಪ್ಪಗೆ ನಿಲ್ಲುತ್ತಿದ್ದವು. ಸೀಟಿಯನ್ನು ಅವನು ಊಟಕ್ಕೆ ಕೂತಾಗಲೂ ಕೊರಳಿಂದ ತೆಗೆಯುತ್ತಿರಲಿಲ್ಲವಾದ್ದರಿಂದ ಬಂದ ಹೆಸರದು. ಆದರೆ ಅವನಿಗೆ ಜಂಬ ಇದ್ದದ್ದು ಸೀಟಿಯ ಮೇಲಲ್ಲ, ಕೈಯ ಮೇಲೆ. ‘ಊದೋದು ಯಾರು ಬೇಕಾದ್ರೂ ಊದ್ತಾರೆ ಕಣೇ, ಕೈ ಎತ್ತಿದ್ರೆ ನಿಲ್ಬೇಕು, ಅದು ಗತ್ತು’ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ನೀರು ಸರಬರಾಜು ಕಚೇರಿಯ ಕೌಂಟರಿನಲ್ಲಿ ಕೂತು ದಿನವಿಡೀ ಜನರ ದೂರು ಕೇಳುವ ಹೆಂಡತಿ, ‘ಆ ಗತ್ತಿನಲ್ಲೇ ಒಂದು ಬಿಂದಿಗೆ ನೀರು ಒಳಗೆ ತಂದಿಡಿ’ ಅನ್ನುತ್ತಿದ್ದಳು.

ಆ ಕೈಗೇ ತೊಂದರೆ ಶುರುವಾಯಿತು.

ಮೊದಮೊದಲು ಅವನು ದಿಂಬಿನ ಮೇಲೆ ತಪ್ಪು ಹೊರಿಸಿದ. ದಿಂಬು ಬದಲಾಯಿತು. ಆಮೇಲೆ ಫ್ಯಾನಿನ ಗಾಳಿಯ ಸರದಿ, ಆಮೇಲೆ ಬೈಕಿನ ಹ್ಯಾಂಡಲ್ಲಿನದು. ಭುಜದ ಆಳದಲ್ಲಿ ಎಲ್ಲೋ ಹಲ್ಲುನೋವಿನಂಥ ನೋವು. ಬಲಕ್ಕೆ ಹೊರಳಿದರೆ ಪ್ರಾಣ ಹೋದ ಹಾಗೆ. ಮುಲಾಮು ಹಚ್ಚಿದ್ದಾಯಿತು, ಬಿಸಿನೀರಿನ ಚೀಲ ಇಟ್ಟದ್ದಾಯಿತು. ನೋವು ಹೋಗುವುದಿರಲಿ, ಕೈಯೇ ಗಟ್ಟಿಯಾಗುತ್ತ ಬಂತು. ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು, ಯಾರೋ ಒಳಗಿನಿಂದ ಅಗುಳಿ ಹಾಕಿಕೊಂಡ ಹಾಗೆ.

ಒಂದು ಬೆಳಿಗ್ಗೆ ಯೂನಿಫಾರ್ಮಿನ ಬೆಲ್ಟನ್ನು ಪ್ಯಾಂಟಿನ ಹಿಂದಿನ ಕೊಂಡಿಗೆ ತೂರಿಸಲು ಹೋದ. ಕೈ ಸೊಂಟದ ಪಕ್ಕಕ್ಕೆ ಬಂದು, ಅಲ್ಲಿಂದ ಹಿಂದಕ್ಕೆ ಹೋಗಲು ಒಪ್ಪಲೇ ಇಲ್ಲ. ಬೆಲ್ಟಿನ ಬಾಲ ಹಿಡಿದು ನಾಯಿಮರಿ ಸುತ್ತುವಂತೆ ತನ್ನ ಸುತ್ತ ತಾನೇ ಸುತ್ತಿದ. ಕೊನೆಗೆ ಎಡಗೈಯಲ್ಲಿ ಪ್ಯಾಂಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಹೆಂಡತಿ ನೋಡಿ ಮೊದಲು ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು. ಬೆಲ್ಟು ತೂರಿಸಿ, ಬಕಲ್ ಹಾಕಿ, ಅಷ್ಟಕ್ಕೇ ಬಿಡದೆ ಬಾಚಣಿಗೆ ತಂದು ತಲೆಯನ್ನೂ ಬಾಚಿದಳು. ತಲೆ ಬಾಚಲೂ ಕೈ ಏಳುತ್ತಿಲ್ಲವೆಂಬುದು ಅವಳಿಗೆ ಗೊತ್ತಿತ್ತು ಅಂತಾಯಿತು. ಸೀಟಿಯಪ್ಪ ಕನ್ನಡಿಯತ್ತ ನೋಡಲಿಲ್ಲ. ಶಾಲೆಗೆ ಹೊರಟ ಮಗುವಿನ ಹಾಗೆ ಬೈತಲೆ ತೆಗೆಸಿಕೊಂಡು ಡ್ಯೂಟಿಗೆ ಹೋಗುವ ಪೊಲೀಸಿನವನು ಜಗತ್ತಿನಲ್ಲಿ ತಾನೊಬ್ಬನೇ ಇರಬೇಕು ಅನ್ನಿಸಿತು.

‘ಆಸ್ಪತ್ರೆಗೆ ಹೋಗಿ ರೀ’ ಅಂದಳು.

‘ಇಷ್ಟಕ್ಕೆಲ್ಲಾ ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಠಾಣೇಲಿ ಆಡ್ಕೋತಾರೆ.’

ಠಾಣೆಯಲ್ಲಿ ಅವನು ಬೇರೆಯೇ ನಾಟಕ ಹೂಡಿದ್ದ. ಇನ್ಸ್‌ಪೆಕ್ಟರ್ ಸಾಹೇಬರು ಎದುರಾದರೆ ಸಲ್ಯೂಟ್ ಹೊಡೆಯಬೇಕಲ್ಲ? ಬಲಗೈ ಹಣೆಯವರೆಗೆ ಹೋಗುವ ಮಾತೇ ಇರಲಿಲ್ಲ. ಹಾಗಾಗಿ ಅವನು ಸದಾ ಬಲಗೈಯಲ್ಲಿ ಏನಾದರೊಂದು ಹಿಡಿದಿರುತ್ತಿದ್ದ. ಹೆಲ್ಮೆಟ್, ವೈರ್‌ಲೆಸ್, ಏನೂ ಇಲ್ಲದಿದ್ದರೆ ನೀರಿನ ಬಾಟಲಿ. ಸಾಹೇಬರು ಬಂದೊಡನೆ ಅಟೆನ್ಶನ್‌ನಲ್ಲಿ ಸೆಟೆದು ನಿಂತು ಕತ್ತು ಬಗ್ಗಿಸುತ್ತಿದ್ದ.

‘ಏನ್ರೀ, ಯಾವಾಗ ನೋಡಿದ್ರೂ ಕೈತುಂಬಾ ಸಾಮಾನು? ಮನೆ ಖಾಲಿ ಮಾಡ್ತಿದ್ದೀರಾ?’ ಎಂದು ಒಮ್ಮೆ ಸಾಹೇಬರೇ ಕೇಳಿದರು. ಎಲ್ಲರೂ ನಕ್ಕರು. ಸೀಟಿಯಪ್ಪನೂ ಎಲ್ಲರಿಗಿಂತ ಜೋರಾಗಿ ನಕ್ಕ.

ಚೌಕದಲ್ಲಿ ಎಡಗೈಯಿಂದ ಕೆಲಸ ಸಾಗಿಸತೊಡಗಿದ. ಅಷ್ಟು ವರ್ಷ ಬಲಗೈ ನೋಡಿ ನಿಲ್ಲುತ್ತಿದ್ದ ಜನಕ್ಕೆ ಈ ಹೊಸ ಸಂಜ್ಞೆ ಬೇಗ ತಲೆಗೆ ಹತ್ತಲಿಲ್ಲ. ಒಂದು ಸಂಜೆ ಅವನು ನಿಲ್ಲಿ ಅಂದದ್ದನ್ನು ಬನ್ನಿ ಅಂದುಕೊಂಡು ಸ್ಕೂಟರಿನ ಹುಡುಗಿಯೊಬ್ಬಳು ನುಗ್ಗಿದಳು. ಪಕ್ಕದಿಂದ ವ್ಯಾನು ಬಂತು. ಅವಳು ಬ್ರೇಕ್ ಒತ್ತಿ ಜಾರಿ ಬಿದ್ದು ಮೊಣಕಾಲು ತರಚಿಕೊಂಡಳು. ಅಷ್ಟೇ ಆದದ್ದು. ಆದರೆ ಸೀಟಿಯಪ್ಪ ಅವಳನ್ನು ಎಬ್ಬಿಸುವ ಮೊದಲೇ ‘ಕಣ್ಣು ಎಲ್ಲಿಟ್ಟಿದ್ದೀಯಮ್ಮ!’ ಎಂದು ಗದರಿಬಿಟ್ಟ. ಹುಡುಗಿ ತಪ್ಪು ತನ್ನದೇ ಅಂದುಕೊಂಡು ‘ಸಾರಿ ಅಂಕಲ್’ ಅಂದಳು. ಕುಂಟುತ್ತ ಸ್ಕೂಟರು ತಳ್ಳಿಕೊಂಡು ಹೋದ ಅವಳ ಬೆನ್ನನ್ನು ನೋಡುತ್ತ ನಿಂತಾಗ ಅವನ ಕಿವಿ ಕಾದವು.

ಆ ಸುದ್ದಿಯನ್ನು ಮಾತ್ರ ಅವನು ಮನೆಯಲ್ಲಿ ಹೇಳಿದ. ಮರುದಿನ ಹೆಂಡತಿ ರಜ ಹಾಕಿ ಅವನನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು.

ಮೂಳೆ ಡಾಕ್ಟರು ಕೈಯನ್ನು ಅತ್ತ ಇತ್ತ ತಿರುಗಿಸಿ ನೋಡಿದರು. ಎಕ್ಸ್‌ರೇ ತೆಗೆಸಿದರು, ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ನೋಡಿಸಿದರು. ಆಮೇಲೆ ಹೇಳಿದರು: ‘ಮೂಳೆ ಸರಿಯಾಗೇ ಇದೆ. ಕೀಲಿನ ಸುತ್ತ ಒಂದು ತೆಳ್ಳನೆ ಚೀಲ ಇರುತ್ತೆ. ಅದು ಊದ್ಕೊಂಡು, ಬಿಗಿದು, ಬಿಸಿನೀರಲ್ಲಿ ಒಗೆದ ಸ್ವೆಟರ್ ಥರ ಕುಗ್ಗಿದೆ. ಕೀಲಿಗೆ ಒಂದು ಇಂಜೆಕ್ಷನ್ ಕೊಡ್ತೀನಿ, ಊತ ನೋವು ಇಳಿಯುತ್ತೆ. ಆದ್ರೆ ಕುಗ್ಗಿದ್ದನ್ನ ಎಳೆದು ಮೊದಲಿನ ಹಾಗೆ ಮಾಡೋದು ವ್ಯಾಯಾಮಾನೇ. ನೋವು ಕಮ್ಮಿ ಇರೋ ಹೊತ್ತಿನಲ್ಲೇ ಅದನ್ನ ಬಿಡದೆ ಮಾಡ್ಬೇಕು. ಎರಡೂ ಜೊತೆಗಿದ್ರೇನೇ ಲಾಭ. ನಿಮ್ಮ ಭಾಷೇಲೇ ಹೇಳೋದಾದ್ರೆ, ಇಂಜೆಕ್ಷನ್ ಹಸಿರು ದೀಪ ಅಷ್ಟೇ. ಗಾಡಿ ನೀವೇ ಓಡಿಸ್ಬೇಕು.’

‘ಆಯ್ತು ಡಾಕ್ಟ್ರೇ’ ಎಂದು ಸೀಟಿಯಪ್ಪ ತಲೆಯಾಡಿಸಿದ. ಅವನ ಕಿವಿಗೆ ಬಿದ್ದದ್ದು ಹಸಿರು ದೀಪ ಒಂದೇ.

ವ್ಯಾಯಾಮದ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿತ್ತು. ಉದ್ದನೆಯ ಹಜಾರ. ಗೋಡೆಗೆ ಪುಟ್ಟ ಏಣಿಯಂಥ ಮರದ ಪಟ್ಟಿ ಹೊಡೆದಿದ್ದರು. ಅದರ ಮೇಲೆ ಬೆರಳುಗಳು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಚಾವಣಿಯಿಂದ ರಾಟೆಗಳು ಇಳಿಬಿದ್ದಿದ್ದವು. ಹಗ್ಗದ ಒಂದು ತುದಿಯನ್ನು ಒಳ್ಳೆಯ ಕೈ ಎಳೆದರೆ ಇನ್ನೊಂದು ತುದಿ ಹಿಡಿದ ಕೆಟ್ಟ ಕೈ ಮೇಲೇರಬೇಕು. ಫಿಸಿಯೋ ಮೇಡಂ ಅಂದರೆ ಇನ್ನೂ ಮದುವೆಯಾಗದ ವಯಸ್ಸಿನ ಹುಡುಗಿ, ಬಿಳಿ ಕೋಟು, ಮೃದುವಾದ ದನಿ. ‘ಸಾರ್, ಅಂಗಿ ತೆಗೀರಿ’ ಅಂದಳು. ಬನಿಯನ್ನಿನಲ್ಲಿ ನಿಂತ. ಮೇಜಿನ ಮೇಲೆ ಬಾಗಿಸಿ, ನೋವಿನ ಕೈಯನ್ನು ಗಡಿಯಾರದ ಲೋಲಕದಂತೆ ಜೋಲು ಬಿಟ್ಟು ತೂಗಿಸಲು ಹೇಳಿದಳು. ಬನಿಯನ್ನಿನ ಬೆನ್ನಲ್ಲಿ ಒಂದು ತೂತು ಇದ್ದದ್ದು ಅವನಿಗೆ ಆಗಲೇ ನೆನಪಾಗಬೇಕೇ?

‘ಅಯ್ಯೋ, ನೀವು ನಮ್ಮ ಸೀಟಿ ಸಾಹೇಬ್ರಲ್ವಾ!’

ಪಕ್ಕದ ರಾಟೆಯ ಕೆಳಗೆ ಕೂತಿದ್ದ ಹೆಂಗಸು. ಚೌಕದ ಆಚೆಯ ಶಿಶುವಿಹಾರದ ಆಯಾ. ದಿನಾ ಬೆಳಿಗ್ಗೆ ಮಕ್ಕಳಿಗೆಲ್ಲ ಒಂದೇ ಹಗ್ಗ ಹಿಡಿಸಿ, ಬಾತುಕೋಳಿ ಸಾಲಿನಂತೆ ರಸ್ತೆ ದಾಟಿಸಿಕೊಂಡು ಹೋಗುವವಳು. ಅವನು ಆ ಸಾಲಿಗಾಗಿ ಬಸ್ಸುಗಳನ್ನೂ ತಡೆದು ನಿಲ್ಲಿಸುತ್ತಿದ್ದ, ಮಕ್ಕಳು ಕೈಬೀಸಿದರೆ ಸೀಟಿಯಲ್ಲೇ ಉತ್ತರ ಕೊಡುತ್ತಿದ್ದ. ಈಗ ಆ ಮೇಜಿನ ಮೇಲೆ ಬಗ್ಗಿ, ಹಿಂಭಾಗ ಆಕೆಗೆ ಕಾಣುವಂತೆ ನಿಂತು, ಕೈ ತೂಗುತ್ತಿದ್ದಾನೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

‘ನೀವೂ ಇದಕ್ಕೇ ಬಂದಿದ್ದಾ ಆಯಮ್ಮ?’ ಅಂದ, ಬಗ್ಗಿದ್ದಲ್ಲಿಂದಲೇ.

‘ಹೂಂ ಸಾಹೇಬ್ರೇ. ಮಕ್ಕಳು ಎರಡೂ ಕೈ ಎತ್ತಿ ಎತ್ಕೋ ಅಂತ ನಿಂತ್ಕೋತಾವೆ. ಎಡಗೈಲಿ ಒಬ್ಬನ್ನ ಎತ್ಕೊಂಡ್ರೆ ಇನ್ನೊಬ್ಬ ಗೋಳೋ ಅಂತಾನೆ. ನನಗೂ ಇನ್ನೇನು ಇಂಜೆಕ್ಷನ್ ಕೊಡ್ತಾರಂತೆ. ನೋವಾಗುತ್ತಾ?’

‘ಏನಿಲ್ಲ. ಇರುವೆ ಕಚ್ಚಿದ ಹಾಗೆ’ ಅಂದ. ಅವನಿಗಿನ್ನೂ ಕೊಟ್ಟೇ ಇರಲಿಲ್ಲ.

ಕೊಟ್ಟದ್ದು ಮರುದಿನ. ಇರುವೆಗಿಂತ ಸ್ವಲ್ಪ ಹೆಚ್ಚೇ ಇತ್ತು. ಆಮೇಲೆ ಒಂದೆರಡು ದಿನ ಭುಜ ಭಾರವಾಗಿ, ಆಮೇಲೆ ಇದ್ದಕ್ಕಿದ್ದ ಹಾಗೆ ನೋವು ಮಾಯ. ಎಷ್ಟೋ ತಿಂಗಳ ಮೇಲೆ ಅವನು ಬೆಳಗಿನವರೆಗೆ ಎಚ್ಚರವಿಲ್ಲದೆ ಮಲಗಿದ. ಕೈ ಕಿವಿಯ ಮಟ್ಟಕ್ಕೆ ಏರಿತು. ಪೂರ್ತಿ ಮೇಲಕ್ಕಲ್ಲ, ಆದರೆ ನೋವೇ ಇಲ್ಲವಲ್ಲ! ಚೌಕದಲ್ಲಿ ಬಲಗೈ ಎತ್ತಿದ, ಗಾಡಿಗಳು ನಿಂತವು. ಇನ್ಸ್‌ಪೆಕ್ಟರ್ ಸಾಹೇಬರಿಗೆ ತಲೆಯನ್ನೇ ಕೈಯ ಹತ್ತಿರಕ್ಕೆ ಕೊಂಚ ಬಾಗಿಸಿ ಸಲ್ಯೂಟ್ ಹೊಡೆದ. ಮನೆಗೆ ಬಂದು ‘ನೋಡಿದ್ಯಾ, ಒಂದೇ ಸೂಜಿ!’ ಅಂದ.

‘ವ್ಯಾಯಾಮ?’

‘ಮಾಡ್ತಿದ್ದೀನಲ್ಲ.’

ಕೆಲವು ದಿನ ಹೋದದ್ದು ನಿಜ. ಆದರೆ ಆ ಹಜಾರದಲ್ಲಿ ಬನಿಯನ್ನಿನಲ್ಲಿ ನಿಂತು ಬೆರಳಿನಿಂದ ಗೋಡೆ ಹತ್ತುವುದು ಅವನಿಗೆ ಅವಮಾನದ ಕೆಲಸವಾಗಿ ಕಂಡಿತು. ನೋವಿದ್ದಾಗ ಏನೋ ಸರಿ, ನೋವಿಲ್ಲದವನಿಗೆ ಈ ಮಂಗನಾಟ ಏಕೆ? ವಾರದಲ್ಲಿ ಒಂದು ದಿನ ತಪ್ಪಿಸಿದ, ಆಮೇಲೆ ಎರಡು, ಆಮೇಲೆ ಹೋಗುವುದನ್ನೇ ಬಿಟ್ಟ. ಹೆಂಡತಿಗೆ ಮಾತ್ರ ‘ಹೋಗ್ಬರ್ತೀನಿ’ ಎಂದು ಹೇಳಿ ಹೊರಡುತ್ತಿದ್ದ. ಆ ಹೊತ್ತನ್ನು ಆಸ್ಪತ್ರೆಯ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ, ಯಾರೋ ಓದಿ ಬಿಟ್ಟ ಪೇಪರಿನಲ್ಲಿ ತಲೆ ಹುದುಗಿಸಿ ಕಳೆಯುತ್ತಿದ್ದ.

ಅಲ್ಲೇ ಅವನು ಆಯಾಳ ಕಣ್ಣಿಗೆ ಬಿದ್ದ.

‘ಸಾಹೇಬ್ರೇ, ಇವತ್ತು ಒಳಗೆ ಬರಲ್ವಾ?’ ಅವಳು ಬಸ್ಸಿಳಿದು ನೇರ ವ್ಯಾಯಾಮಕ್ಕೆ ಹೊರಟಿದ್ದಳು. ಅವಳಿಗೂ ಇಂಜೆಕ್ಷನ್ ಆಗಿ ಹೆಚ್ಚು ದಿನವಾಗಿರಲಿಲ್ಲ, ಮುಖ ಹಗುರಾಗಿತ್ತು.

ಸೀಟಿಯಪ್ಪನಿಗೆ ಕದ್ದು ಸಿಕ್ಕಿಬಿದ್ದ ಹಾಗಾಯಿತು. ನಿಯಮ ಮುರಿದವರನ್ನು ಹಿಡಿಯುವವನು ತಾನು. ಹಿಡಿದು ನಿಲ್ಲಿಸಿದಾಗ ಜನ ತಡಬಡಿಸಿ ಕಟ್ಟುವ ಕಥೆಗಳನ್ನೆಲ್ಲ ಕೇಳಿದವನು. ಈಗ ಅದೇ ಬಗೆಯ ಕಥೆ ಅವನ ಬಾಯಿಂದ ಬಂತು. ಆ ಹೊತ್ತಿಗೆ ಅವನಿಗೆ ಬೇಕಾಗಿದ್ದದ್ದು ತನ್ನ ಮರ್ಯಾದೆ ಉಳಿಯುವುದು, ಅಷ್ಟೇ.

‘ಆಯಮ್ಮ, ನಿಮಗೊಂದು ಮಾತು ಹೇಳ್ತೀನಿ, ಯಾರಿಗೂ ಹೇಳ್ಬೇಡಿ. ಕೆಲಸ ಮಾಡೋದು ಸೂಜಿ. ಈ ಹಗ್ಗ ಎಳೆಯೋದು, ಗೋಡೆ ಹತ್ತೋದು, ಇವೆಲ್ಲಾ ಸುಮ್ನೆ ನಮ್ಮನ್ನ ಓಡಾಡ್ಸೋಕೆ. ನಾನು ಬಿಟ್ಟು ಎಷ್ಟು ದಿನ ಆಯ್ತು ಗೊತ್ತಾ? ಈಗ ನೋಡಿ’ ಎಂದು ಗ್ಲಾಸನ್ನು ಎಡಗೈಗೆ ಬದಲಿಸಿ ಬಲಗೈ ಎತ್ತಿ ತೋರಿಸಿದ.

‘ನಿಜವಾಗ್ಲೂ?’

‘ನಾನು ಸುಳ್ಳು ಹೇಳ್ತೀನಾ?’

ಆಯಾ ಆಸ್ಪತ್ರೆಯ ಗೇಟಿನತ್ತ ಒಮ್ಮೆ ನೋಡಿದಳು. ‘ಹಾಗಾದ್ರೆ ಒಳ್ಳೇದೇ ಆಯ್ತು. ಪ್ರತಿ ಸಲ ಅರ್ಧ ದಿನ ರಜ ಕೇಳೋಕೆ ನಮ್ಮ ಹೆಡ್ ಮೇಡಂ ಮುಂದೆ ಕೈಕಟ್ಕೊಂಡು ನಿಲ್ಬೇಕು. ನೀವು ಹೇಳಿದ್ಮೇಲೆ ಇನ್ನೇನು’ ಎಂದು ನಕ್ಕು, ಹಾಗೇ ತಿರುಗಿ ಬಸ್ ನಿಲ್ದಾಣದ ಕಡೆ ನಡೆದಳು.

ಅವಳು ತಿರುಗಿದ್ದನ್ನು ಅವನು ನೋಡಿದ. ಒಂದು ಕೂಗು ಹಾಕಿ ಕರೆಯಬಹುದಿತ್ತು. ಆದರೆ ಚಹಾ ಆರುತ್ತಿತ್ತು, ಪೇಪರಿನ ಹಾಳೆ ಅರ್ಧ ಓದಿಯಾಗಿತ್ತು. ಕರೆಯಲಿಲ್ಲ.

ಕೆಲವು ತಿಂಗಳು ಸುಖವಾಗಿ ಕಳೆದವು. ಆಮೇಲೆ ಒಂದು ದಿನ ಅಟ್ಟದ ಮೇಲಿಂದ ಪೆಟ್ಟಿಗೆ ಇಳಿಸಲು ಹೋದಾಗ ಕೈ ಕಿವಿಯವರೆಗೂ ಬರಲಿಲ್ಲ. ಮತ್ತೊಂದು ವಾರಕ್ಕೆ ಭುಜದ ಮಟ್ಟಕ್ಕೇ ಸಾಕುಮಾಡಿತು. ಹಲ್ಲುನೋವಿನಂಥ ಆ ಹಳೆಯ ನೋವು ತನ್ನ ಜಾಗ ಹುಡುಕಿಕೊಂಡು ಬಂದು ಕೂತಿತು. ಬೆಳಿಗ್ಗೆ ಹೆಂಡತಿಯ ಕೈಗೆ ಮತ್ತೆ ಬೆಲ್ಟು ಕೊಡಬೇಕಾಯಿತು.

‘ರೀ, ವ್ಯಾಯಾಮಕ್ಕೆ ಹೋಗ್ತಿದ್ದೀರಿ ತಾನೇ?’

‘ಮತ್ತೆ? ಅವರ ವ್ಯಾಯಾಮದಲ್ಲೇ ಏನೋ ಐಬಿರ್ಬೇಕು. ಇನ್ನೊಂದು ಸೂಜಿ ಹಾಕಿಸ್ಕೊಂಡ್ರೆ ಸರಿಹೋಗುತ್ತೆ.’

‘ಹಾಗಾದ್ರೆ ನಾನೂ ಬರ್ತೀನಿ’ ಅಂದಳು ಹೆಂಡತಿ. ಬೇಡ ಅನ್ನಲು ಕಾರಣ ಹೊಳೆಯಲಿಲ್ಲ.

ಡಾಕ್ಟರು ಕೈ ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದರು. ‘ವ್ಯಾಯಾಮ ಮಾಡ್ತಾ ಇದ್ದೂ ಹೀಗಾಯ್ತಾ?’

‘ಒಂದು ದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ.’

‘ಆಶ್ಚರ್ಯ. ಎಲ್ಲಿ, ಹೇಗೆ ಮಾಡ್ತೀರಿ ತೋರಿಸಿ.’

ಸೀಟಿಯಪ್ಪ ಎದ್ದು ನಿಂತ. ಹಜಾರದಲ್ಲಿ ಏನು ಮಾಡಿಸುತ್ತಿದ್ದರು ಎಂದು ನೆನಪಿಸಿಕೊಳ್ಳಲು ನೋಡಿದ. ಗಿರಣಿಯ ಚಕ್ರದಂತೆ ಕೈಯನ್ನು ತಿರುಗಿಸಲು ಹೋಗಿ ‘ಅಬ್ಬಾ’ ಎಂದು ಹಿಡಿದುಕೊಂಡ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಫಿಸಿಯೋ ಮೇಡಂ ಒಳಗೆ ಬಂದಳು. ಅವನನ್ನು ಕಂಡು ಅವಳಿಗೆ ನಿಜವಾಗಿಯೂ ಸಂತೋಷವಾಯಿತು. ‘ಅರೆ, ಸಾರ್! ಎಷ್ಟು ತಿಂಗಳಾಯ್ತು ನಿಮ್ಮನ್ನ ನೋಡಿ! ವರ್ಗ ಆಗಿ ಹೋದ್ರೇನೋ ಅಂದ್ಕೊಂಡಿದ್ದೆ.’

ಹೆಂಡತಿ ಮಡಿಲಲ್ಲಿದ್ದ ಚೀಲದ ಜಿಪ್ಪನ್ನು ಒಮ್ಮೆ ಎಳೆದು, ಒಮ್ಮೆ ಮುಚ್ಚಿದಳು. ಅವನತ್ತ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಆದರೆ ಅದು ಅಲ್ಲಿಗೇ ಮುಗಿಯಲಿಲ್ಲ. ಫಿಸಿಯೋ ಮೇಡಂ ಬಂದದ್ದು ಇನ್ನೊಬ್ಬ ರೋಗಿಯನ್ನು ತೋರಿಸಲು. ಅವಳ ಬೆನ್ನ ಹಿಂದೆ, ಬಲಗೈಯನ್ನು ಪಕ್ಕೆಗೆ ಅಂಟಿಸಿಕೊಂಡು ಆಯಾ ನಿಂತಿದ್ದಳು. ಕೈ ಅಂಟಿಕೊಂಡೇ ಬೆಳೆದದ್ದೋ ಅನ್ನುವ ಹಾಗಿತ್ತು. ಡಾಕ್ಟರು ಅದನ್ನು ಎತ್ತಲು ನೋಡಿದರೆ ಕೈಯ ಜೊತೆ ಇಡೀ ಭುಜವೇ ಮೇಲೆದ್ದು ಬಂತು. ಅವಳ ಕಣ್ಣಲ್ಲಿ ನೀರು.

‘ಇಂಜೆಕ್ಷನ್ ಕೊಟ್ಟು ಇಷ್ಟು ದಿನ ಆಯ್ತು. ಮೊದಲಿಗಿಂತ ಕಷ್ಟ ಆಗಿದೆಯಲ್ಲಮ್ಮ! ವ್ಯಾಯಾಮಕ್ಕೆ ಯಾಕೆ ಬರಲಿಲ್ಲ?’

‘ನೋವು ಹೋಗಿತ್ತು ಡಾಕ್ಟ್ರೇ. ಅದಕ್ಕೇ...’

‘ನೋವು ಹೋದಾಗಲೇ ಮಾಡ್ಬೇಕು ಅಂತ ನಾನು ಬಾಯಿಬಾಯಿ ಬಡ್ಕೊಂಡು ಹೇಳಿರಲಿಲ್ವಾ? ಬೇಡ ಅಂತ ಯಾರಾದ್ರೂ ಹೇಳಿದ್ರಾ? ಯಾರು ಹೇಳಿದ್ದು ನಿಮಗೆ?’

ಆಯಾ ತಲೆಯೆತ್ತಿದಳು. ಅವಳ ಕಣ್ಣು ನೇರವಾಗಿ ಸೀಟಿಯಪ್ಪನ ಮೇಲೆ ಬಿತ್ತು. ಅವನ ಪಕ್ಕದಲ್ಲಿ ಕೂತ ಹೆಂಡತಿಯ ಮೇಲೂ ಒಂದು ಕ್ಷಣ ಹೋಯಿತು. ಆಮೇಲೆ ಅವಳು ನೆಲ ನೋಡುತ್ತ, ‘ಯಾರೂ ಹೇಳಿಲ್ಲ ಡಾಕ್ಟ್ರೇ. ನನ್ನ ದಡ್ಡ ಬುದ್ಧಿಗೇ ಹಾಗನ್ನಿಸ್ತು’ ಅಂದಳು.

ಡಾಕ್ಟರು ಅವಳನ್ನು ಚೆನ್ನಾಗಿ ಬೈದರು. ಕೆಟ್ಟ ಮನುಷ್ಯರಲ್ಲ ಅವರು. ಹೊರಗೆ ಸಾಲು ಉದ್ದವಿತ್ತು, ಹೊಟ್ಟೆ ಹಸಿದಿತ್ತು. ಸೀಟಿಯಪ್ಪ ಒಂದು ಮಾತು ಆಡಿದ್ದರೆ ಆ ಬೈಗುಳ ತಿರುಗಿ ಅವನ ಮೇಲೆ ಬೀಳುತ್ತಿತ್ತು. ಮೇಜಿನ ಮೇಲೆ ಭುಜದ ಮೂಳೆಗಳ ಪ್ಲಾಸ್ಟಿಕ್ ಮಾದರಿ ಇತ್ತು. ಅವನು ಅದನ್ನೇ ನೋಡುತ್ತ ಕೂತ. ಚೆಂಡಿನಂಥದ್ದು ಒಂದು, ಬಟ್ಟಲಿನಂಥದ್ದು ಒಂದು, ನಡುವೆ ಸಣ್ಣ ಸ್ಕ್ರೂ. ಬೈಗುಳ ಮುಗಿಯುವವರೆಗೂ ಅವನು ಆ ಸ್ಕ್ರೂವಿನಿಂದ ಕಣ್ಣು ಕೀಳಲಿಲ್ಲ.

ಮನೆ ಹತ್ತಿರವಾದಾಗ ಹೆಂಡತಿ, ‘ಆ ಹೆಂಗಸು ನಿಮ್ಮನ್ನೇ ಯಾಕೆ ನೋಡಿದ್ಲು?’ ಎಂದು ಕೇಳಿದಳು.

‘ಚೌಕದಲ್ಲಿ ನೋಡಿ ಪರಿಚಯ.’

ಕೌಂಟರಿನಲ್ಲಿ ಕೂತು ಕೂತು ಯಾವ ಮಾತು ಟೊಳ್ಳು ಯಾವುದು ಗಟ್ಟಿ ಎಂದು ಸದ್ದಿನಲ್ಲೇ ಹೇಳಬಲ್ಲ ಹೆಂಗಸು ಅವಳು. ಹೂಂ ಅಂದಳು, ಅಷ್ಟೇ. ಆ ಹೂಂ ಅವನ ಜೊತೆ ಮನೆಯೊಳಗೆ ಬಂತು, ಊಟಕ್ಕೆ ಕೂತಿತು, ಮರುದಿನವೂ ಅಲ್ಲೇ ಇತ್ತು. ಅವನು ತಡೆಯಲಾರದೆ ಚಹಾ ಅಂಗಡಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡಳು.

‘ನನ್ನ ಹತ್ರ ಹೇಳಿ ಏನು ಪ್ರಯೋಜನ?’ ಅಂದಳು. ‘ಇದು ನನ್ನ ಕೌಂಟರ್ ಅಲ್ಲ.’

ಡಾಕ್ಟರು ಎರಡನೆಯ ಇಂಜೆಕ್ಷನ್ ಕೊಡಲು ಸುಲಭಕ್ಕೆ ಒಪ್ಪಿರಲಿಲ್ಲ. ಕೇಳಿದಾಗಲೆಲ್ಲ ಕೀಲಿಗೆ ಚುಚ್ಚುವ ಮದ್ದಲ್ಲ ಅದು, ಮೊದಲು ಹಜಾರಕ್ಕೆ ಹೋಗಿ ಮುಖ ತೋರಿಸಿ ಅಂದಿದ್ದರು. ಸೀಟಿಯಪ್ಪ ಹೋದ. ಕೆಲವು ವಾರ ನೋವನ್ನು ನುಂಗಿಕೊಂಡೇ ಹಗ್ಗ ಎಳೆದ. ಆಮೇಲೆ ಅವರು ಇಂಜೆಕ್ಷನ್ ಕೊಟ್ಟರು. ಈ ಸಲ ನೋವು ಇಳಿದ ದಿನವೇ ಹೆಂಡತಿ ಮಲಗುವ ಕೋಣೆಯ ಬಾಗಿಲಿಗೆ ಒಂದು ರಾಟೆ ಕಟ್ಟಿಸಿ, ಅದರ ಕೆಳಗೆ ಮಣೆ ಹಾಕಿಟ್ಟಳು. ಅವನು ಎರಡು ಮಾತಾಡದೆ ಹೋಗಿ ಕೂತ.

ಆದರೆ ಆಯಾ ಹಜಾರದಲ್ಲಿ ಕಾಣಲಿಲ್ಲ. ಚೌಕದಲ್ಲೂ ಕಾಣಲಿಲ್ಲ. ಮಕ್ಕಳ ಸಾಲನ್ನು ಈಗ ಬೇರೆ ಯಾರೋ ಚಿಕ್ಕ ವಯಸ್ಸಿನವಳು ದಾಟಿಸುತ್ತಿದ್ದಳು. ಒಂದು ದಿನ ತಡೆದು ಕೇಳಿದ.

‘ಆಯಮ್ಮನಾ? ಗೇಟಲ್ಲಿ ಕೂರ್ಸಿದ್ದಾರೆ ಸಾರ್. ಮಗೂನ ಎತ್ಕೊಳ್ಳೋಕೆ ಹೋಗಿ ಕೈ ಹಿಡೀಲಿಲ್ಲ, ಮಗು ಜಾರಿಬಿಡ್ತು. ಚಾಪೆ ಮೇಲೆ ಬಿದ್ದಿದ್ದು, ಏನೂ ಆಗ್ಲಿಲ್ಲ. ಆದ್ರೆ ಅದರ ತಾಯಿ ನೋಡ್ಬಿಟ್ರು. ಮಕ್ಕಳನ್ನ ಮುಟ್ಟೋದೇ ಬೇಡ ಅಂದ್ರು ಹೆಡ್ ಮೇಡಂ. ಮುಂದಿನ ವಾರ ಅವ್ರಿಗೆ ಪ್ರಜ್ಞೆ ತಪ್ಪಿಸಿ ಕೈ ಬಿಡಿಸ್ತಾರಂತೆ, ಪಾಪ.’

ಸೀಟಿಯಪ್ಪ ಸೀಟಿಯನ್ನು ಬಾಯಿಗಿಟ್ಟುಕೊಳ್ಳಲು ಹೋದ. ಅದು ಜಾರಿ ಕೊರಳ ದಾರದಲ್ಲಿ ನೇತಾಡಿತು. ಹಿಂದೆ ಬಸ್ಸು ಹಾರ್ನ್ ಹೊಡೆಯಿತು. ಮಕ್ಕಳ ಸಾಲು ದಾಟಿಹೋಗಿ ಎಷ್ಟೋ ಹೊತ್ತಾದರೂ ಅವನು ಎತ್ತಿದ ಕೈ ಇಳಿಸಿರಲಿಲ್ಲ. ಶಿಶುವಿಹಾರದ ಗೇಟು ಆ ತಿರುವಿನ ಆಚೆಗೇ ಇತ್ತು. ಡ್ಯೂಟಿ ಮುಗಿಸಿ ಆ ದಾರಿಯಲ್ಲೇ ಮನೆಗೆ ಹೋಗುತ್ತಿದ್ದವನು ಅಂದಿನಿಂದ ಸುತ್ತು ಹಾಕಿ ಹೋಗತೊಡಗಿದ.

ಮುಂದಿನ ಸಲ ಅವನು ಅವಳನ್ನು ನೋಡಿದ್ದು ಹಜಾರದಲ್ಲೇ. ಅರಿವಳಿಕೆ ಕೊಟ್ಟು ಡಾಕ್ಟರು ಅವಳ ಕೈಯ ಬಿಗಿ ಬಿಡಿಸಿದ್ದರು. ಬಿಡಿಸಿದ್ದು ಮತ್ತೆ ಅಂಟದಂತೆ ಆ ದಿನದಿಂದಲೇ ಅಲುಗಾಡಿಸಬೇಕಂತೆ. ರಾಟೆಯ ಕೆಳಗೆ ಕೂತು, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹಗ್ಗ ಎಳೆಯುತ್ತಿದ್ದಳು. ಪ್ರತಿ ಎಳೆತಕ್ಕೂ ಗಂಟಲಿಂದ ಸಣ್ಣ ಸದ್ದು ಬರುತ್ತಿತ್ತು. ಫಿಸಿಯೋ ಮೇಡಂ ಪಕ್ಕದಲ್ಲಿ ಕೂತು ಬೆನ್ನು ಸವರುತ್ತಿದ್ದಳು. ‘ಇನ್ನೊಂಚೂರು ಅಮ್ಮ. ಈ ಸಲ ಮಾತ್ರ ಬಿಡ್ಬೇಡಿ. ನಿಮ್ಮ ಬುದ್ಧಿ ಹೇಳಿದ್ದು ಕೇಳ್ಬೇಡಿ, ನನ್ನ ಮಾತು ಕೇಳಿ.’

‘ಅದು ಅವರ ಬುದ್ಧಿಯಲ್ಲ ಮೇಡಂ’ ಅಂದ ಸೀಟಿಯಪ್ಪ.

ಮೆಲ್ಲಗೆ ಹೇಳಬೇಕೆಂದುಕೊಂಡಿದ್ದ. ವರ್ಷಾನುಗಟ್ಟಲೆ ರಸ್ತೆಯಲ್ಲಿ ಕೂಗಿದ ಗಂಟಲು, ಹಜಾರದ ಆ ಕೊನೆಗೂ ಕೇಳಿಸಿತು. ರಾಟೆಗಳು ಒಂದೊಂದಾಗಿ ನಿಂತವು. ಮೊಣಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಕಾಲೆತ್ತುತ್ತಿದ್ದ ಮುದುಕರೊಬ್ಬರು ಎತ್ತಿದ ಕಾಲನ್ನು ಹಾಗೇ ಹಿಡಿದು ನೋಡಿದರು.

‘ಬೇಡ ಅಂದಿದ್ದು ನಾನು. ಸೂಜಿ ಒಂದೇ ಸಾಕು, ವ್ಯಾಯಾಮ ಎಲ್ಲಾ ಸುಳ್ಳು ಅಂತ ಎದುರಿನ ಅಂಗಡೀಲಿ ಕೂತು ನಾನೇ ಹೇಳಿದ್ದು. ಒಳಗೆ ಬರ್ತಿದ್ದೋರನ್ನ ವಾಪಸ್ ಕಳಿಸ್ದೆ. ಅವತ್ತು ಡಾಕ್ಟ್ರು ಬೈವಾಗ ನಾನು ಅಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.’ ಬನಿಯನ್ನಿನಲ್ಲಿ ನಿಂತಿದ್ದ ಅವನ ಕತ್ತು ಕೆಂಪಾಗಿತ್ತು. ‘ತಪ್ಪಾಯ್ತು ಆಯಮ್ಮ.’

ಆಯಾ ಸೆರಗಿನ ತುದಿಯನ್ನು ಬಾಯಿಂದ ತೆಗೆದಳು. ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡಳು.

‘ನಿಮ್ಮ ಮಾತು ಕೇಳಿದ್ದಕ್ಕೆ ನನ್ನನ್ನ ನಾನೇ ಬೈಕೊಂಡೆ, ಅದಿರ್ಲಿ ಸಾಹೇಬ್ರೇ. ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹೆಂಡ್ತಿ ಎದುರು ನಿಮ್ಮ ಮರ್ಯಾದೆ ಯಾಕೆ ತೆಗೀಲಿ ಅಂತ ಅವತ್ತು ಸುಮ್ನಾದೆ. ಆದ್ರೆ ನಾನು ಬೈಸ್ಕೊಳ್ವಾಗ ನೀವು ಆ ಮೂಳೆ ಗೊಂಬೆ ನೋಡ್ತಾ ಕೂತ್ರಲ್ಲ...’ ಅವಳು ಮುಂದೆ ಹೇಳಲಿಲ್ಲ. ಹಗ್ಗ ಹಿಡಿದು ಮತ್ತೆ ಎಳೆದಳು. ಗಂಟಲಿಂದ ಅದೇ ಸದ್ದು ಬಂತು.

ಸೀಟಿಯಪ್ಪ ಪಕ್ಕದ ರಾಟೆಯ ಕೆಳಗೆ ಕೂತ. ಹಗ್ಗ ಕೈಗೆ ತೆಗೆದುಕೊಂಡು, ‘ನಿಮ್ಮ ಹೆಡ್ ಮೇಡಂ ಹತ್ರ ಬಂದು ನಡೆದದ್ದು ಹೇಳ್ಲಾ?’ ಎಂದು ಕೇಳಿದ.

ಅವಳು ಹಗ್ಗ ಸಡಿಲ ಬಿಟ್ಟಳು. ‘ಬನ್ನಿ. ಆದ್ರೆ ಯೂನಿಫಾರ್ಮ್ ಬೇಡ. ಪೊಲೀಸ್ ಬಂದ್ರು ಅಂದ್ರೆ ನಾನು ಇನ್ನೇನೋ ಮಾಡಿದೀನಿ ಅಂದ್ಕೋತಾರೆ.’

ಶನಿವಾರ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದ. ಹೆಂಡತಿಯೂ ಬಂದಳು, ಆದರೆ ಒಳಗೆ ಬರಲಿಲ್ಲ. ಗೇಟಿನ ಬಳಿ ಆಯಾಳ ಪಕ್ಕ ಕೂತಳು. ಹೆಡ್ ಮೇಡಂ ಇದ್ದದ್ದು ಮ‌ಕ್ಕಳ ಕೋಣೆಯಲ್ಲೇ. ದೊಡ್ಡವರಿಗೆ ಬೇರೆ ಕುರ್ಚಿ ಇರಲಿಲ್ಲವಾದ್ದರಿಂದ ಅವನು ಮಕ್ಕಳ ಕೆಂಪು ಕುರ್ಚಿಯ ಮೇಲೆ, ಮೊಣಕಾಲು ಗಲ್ಲಕ್ಕೆ ತಗಲುವಂತೆ ಕೂತು ಕಥೆ ಹೇಳಬೇಕಾಯಿತು. ಒಂದು ಪುಟ್ಟ ಹುಡುಗಿ ಬಾಯಿಗೆ ಬೆರಳಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತ ನಿಂತಿತ್ತು. ‘ಪೀಪಿ ಎಲ್ಲಿ?’ ಎಂದು ಕೇಳಿತು. ಇವತ್ತು ತಂದಿಲ್ಲ ಅಂದ.

ಹೆಡ್ ಮೇಡಂ ಪೂರ್ತಿ ಕೇಳಿಸಿಕೊಂಡರು. ‘ಊರಿಗೆಲ್ಲಾ ನಿಯಮ ಹೇಳೋರು ನೀವು’ ಅಂದರು. ಅವನು ತಲೆ ತಗ್ಗಿಸಿದ. ‘ನೋಡಿ, ಮಕ್ಕಳ ವಿಷಯ. ಎತ್ತಬಹುದು ಅಂತ ಡಾಕ್ಟ್ರು ಹೇಳೋವರೆಗೂ ನಾನು ಎತ್ತೋಕೆ ಬಿಡಲ್ಲ. ಆದ್ರೆ ಕೂತು ಮಾಡೋ ಕೆಲಸ ಬೇಕಾದಷ್ಟಿದೆ. ಊಟ ಮಾಡ್ಸೋದು, ಮಲಗ್ಸೋದು. ಗೇಟಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ಚಿಕಿತ್ಸೆ ದಿನಗಳಲ್ಲಿ ಕೇಳದೇನೇ ಹೋಗಲಿ ಅಂತ ಹೇಳಿ ಅವಳಿಗೆ.’

‘ನೀವೇ ಹೇಳಿದ್ರೆ ಚೆನ್ನ ಮೇಡಂ’ ಅಂದ ಸೀಟಿಯಪ್ಪ. ‘ನನ್ನ ಬಾಯಿಂದ ಬಂದ ಮಾತು ಅವರು ಇನ್ಮೇಲೆ ನಂಬಬಾರದು.’

ಹೆಡ್ ಮೇಡಂ ನಗಲಿಲ್ಲ. ಅವನೂ ತಮಾಷೆಗೆ ಹೇಳಿದ್ದಲ್ಲ.

ಚಳಿ ಮುಗಿಯುವ ಹೊತ್ತಿಗೆ ಸೀಟಿಯಪ್ಪನ ಕೈ ಹೆಚ್ಚುಕಡಿಮೆ ಪೂರ್ತಿ ಮೇಲೇರಿತು. ಆಯಾಳ ಕೈ ಅಷ್ಟು ಏರಲಿಲ್ಲ. ಕಪಾಟಿನ ಮೇಲಿನ ಹಲಗೆ ಅವಳಿಗೆ ಇನ್ನು ಎಟುಕುವುದಿಲ್ಲ ಎಂದು ಡಾಕ್ಟರು ಬಾಯಿಬಿಟ್ಟೇ ಹೇಳಿದರು. ಮಕ್ಕಳನ್ನು ನೆಲದಿಂದ ಎತ್ತುವ ಬದಲು ಅವಳು ತಗ್ಗು ಸ್ಟೂಲೊಂದನ್ನು ಪಕ್ಕದಲ್ಲಿ ಇಟ್ಟುಕೊಂಡಳಂತೆ. ಅವು ಅದನ್ನು ಹತ್ತಿ ತಾವಾಗಿ ಮಡಿಲಿಗೆ ಬರುತ್ತವಂತೆ. ಇದನ್ನು ಅವಳು ಸೀಟಿಯಪ್ಪನಿಗೆ ಹೇಳಲಿಲ್ಲ, ಅವನ ಹೆಂಡತಿಗೆ ಹೇಳಿದ್ದು. ಗೇಟಿನ ಬಳಿ ಕೂತ ಆ ಶನಿವಾರದಿಂದ ಅವರಿಬ್ಬರಿಗೂ ಮಾತುಕತೆ ಬೆಳೆದಿತ್ತು.

ಫಿಸಿಯೋ ಮೇಡಂ ‘ಇನ್ನು ಮನೇಲೇ ಮಾಡಿ ಸಾರ್, ಸಾಕು’ ಎಂದ ಮೇಲೂ ಅವನು ಕೆಲವು ಕಾಲ ಹಜಾರಕ್ಕೆ ಹೋಗುತ್ತಲೇ ಇದ್ದ. ಆಯಾಳ ಚಿಕಿತ್ಸೆ ಇನ್ನೂ ಮುಗಿದಿರಲಿಲ್ಲ. ಪಕ್ಕಪಕ್ಕದ ರಾಟೆಗಳ ಕೆಳಗೆ ಗೋಡೆ ನೋಡುತ್ತ ಇಬ್ಬರೂ ಹಗ್ಗ ಎಳೆಯುತ್ತಿದ್ದರು. ಬಿಸಿಲು ಜಾಸ್ತಿಯಾಯಿತು, ಬಸ್ಸು ತಡವಾಯಿತು, ಇಂಥವೇ ಮಾತು. ಅವಳು ‘ಸಾಹೇಬ್ರೇ’ ಅನ್ನುವಾಗಲೆಲ್ಲ ಅವನಿಗೆ ಇಂದಿಗೂ ಕಿವಿ ಬಿಸಿಯಾಗುತ್ತದೆ.

‘ಅವಳು ಕ್ಷಮಿಸಿದ್ಲಾ?’ ಎಂದು ಹೆಂಡತಿ ಒಮ್ಮೆ ಕೇಳಿದಳು.

‘ನಾನು ಕೇಳಿಲ್ಲ.’

‘ಕೇಳ್ಬೇಡಿ’ ಅಂದಳು ಅವಳು. ‘ಪಾಪ, ಕೇಳಿದ್ರೆ ಆ ಹೆಂಗಸು ಹೂಂ ಅಂದುಬಿಡ್ತಾಳೆ.’